ಪ್ರಬಂಧದೊಳಗಿನ ಅವ್ವ

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರ ಮಕ್ಕಳಿಗೆ ಕನ್ನಡ ಕಲಿಸುವವಳು ನಾನು. ಮೊನ್ನೆ ‘ನನ್ನ ತಾಯಿ’ ಎಂಬ ಪ್ರಬಂಧ ಬರೆಯಿರಿ ಎಂದಿದ್ದೆ. ಒಬ್ಬ ಹುಡುಗಿಯ ಪ್ರಬಂಧದಲ್ಲಿ ತಾಯಿ ತುಳಸಿಗೆ ನೀರೆರೆದು, ಮಗಳ ತಲೆ ನೇವರಿಸಿ ಎಬ್ಬಿಸುತ್ತಿದ್ದಳು. ಒಂದೂ ತಪ್ಪಿರಲಿಲ್ಲ. ಹತ್ತಕ್ಕೆ ಒಂಬತ್ತು ಕೊಟ್ಟೆ. ಆಮೇಲೆ ನೆನಪಾಯಿತು, ಅವಳ ತಾಯಿ ಮಗಳು ಏಳುವ ಮೊದಲೇ ಫ್ಯಾಕ್ಟರಿ ಬಸ್ಸು ಹತ್ತುವವಳು!

ಕೇಳಿದರೆ, “ಮೊಬೈಲಿನ್ಯಾಗ ಕೇಳಿದ್ನಿರಿ ಅಕ್ಕೋರ, ಅದ ಬರದು ಕೊಡ್ತು” ಎಂದಳು.

ವಿಜ್ಞಾನದ ಮಾಸ್ತರರು ನಕ್ಕರು. “ಕೂಸೂ ಅನುಕರಿಸೇ ಕಲೀತದ, ಯಂತ್ರಾನೂ ಹಂಗ. ನಾಳೆ ಅದಕ್ಕೂ ‘ನಾನು’ ಅನ್ನೂದು ಬರತದ, ಅಕ್ಕೋರ.”

ಈ ಮಾತನ್ನು ನಾನು ಒಪ್ಪುವುದಿಲ್ಲ. ಕೂಸು ಅವ್ವನ ಚಪ್ಪಲಿ ಮೆಟ್ಟಿ ಎಡವುತ್ತದೆ. ತನ್ನ ಕಾಲು ಸಣ್ಣದೆಂದು ಆಗ ತಿಳಿಯುತ್ತದೆ. ಅನುಕರಣೆ ಸೋತಲ್ಲಿಯೇ ‘ನಾನು’ ಹುಟ್ಟುವುದು.

ನಮ್ಮ ಗಂಗೂಬಾಯಿ ಹಾನಗಲ್ಲರನ್ನೇ (1913–2009) ನೋಡಿ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಸವಾಯಿ ಗಂಧರ್ವರು ಹೇಳಿಕೊಟ್ಟದ್ದನ್ನೇ ತಿರುತಿರುಗಿ ಹಾಡಿ ಕಲಿತವರು. ಗಂಟಲಿನ ಚಿಕಿತ್ಸೆಯ ನಂತರ ದನಿ ಗಡಸಾಯಿತು. ಹಳೆಯ ತೆಳುದನಿ ಮತ್ತೆ ಬರಲಿಲ್ಲ. ಆ ಗಡಸು ದನಿಯನ್ನೇ ತಮ್ಮದಾಗಿಸಿಕೊಂಡರು. ಇಂದು ಒಂದು ಆಲಾಪ ಕೇಳಿದರೆ ಸಾಕು, ಅದು ಗಂಗೂಬಾಯಿಯವರೇ ಎನ್ನುತ್ತೇವೆ.

1950ರಲ್ಲಿ ಇಂಗ್ಲೆಂಡಿನ ಅಲನ್ ಟ್ಯೂರಿಂಗ್, ಯಂತ್ರ ಯೋಚಿಸಬಲ್ಲುದೇ ಎಂದು ಕೇಳುವ ಬದಲು, ಮನುಷ್ಯನಂತೆ ಉತ್ತರಿಸಿ ನಂಬಿಸಬಲ್ಲುದೇ ಎಂದು ಕೇಳಿದ. ಅದನ್ನು ‘ಅನುಕರಣೆಯ ಆಟ’ ಎಂದೇ ಕರೆದ. ಇಂದಿನ ಯಂತ್ರ ಈ ಆಟದಲ್ಲಿ ಪಳಗಿದೆ. ರಾಶಿ ರಾಶಿ ಬರಹಗಳಿಂದ, ಮುಂದೆ ಯಾವ ಪದ ಬರಬಹುದೆಂದು ಊಹಿಸಲು ಕಲಿತಿದೆ. ಅದು ಬರೆಯುವ ‘ನಾನು’ ನಮ್ಮ ನಿಮ್ಮ ಬರಹದಿಂದ ಎತ್ತಿಕೊಂಡದ್ದು. ಅದನ್ನೇ ಅರಿವಿಗೆ ಸಾಕ್ಷಿ ಎಂದರೆ, ಕಾಪಿ ಹೊಡೆದವನ ಉತ್ತರಪತ್ರಿಕೆ ನೋಡಿ ಜಾಣ ಎಂದಂತಾಯಿತು.

ಆದರೆ ಯಂತ್ರವನ್ನು ಬೈದು ನಾನು ಪಾರಾಗಲಾರೆ. ಇಷ್ಟು ವರ್ಷ ‘ಮಾದರಿ ಪ್ರಬಂಧ’ವನ್ನು ಬೋರ್ಡಿನ ಮೇಲೆ ಬರೆದು, ಅದನ್ನೇ ಮಕ್ಕಳಿಂದ ಬರೆಸಿದವಳು ನಾನೇ. ತುಳಸಿಗೆ ನೀರೆರೆಯುವ ತಾಯಿಗಷ್ಟೇ ಅಂಕ ಎಂದು ಕಲಿಸಿದವಳೂ ನಾನೇ. ಯಂತ್ರ ನಮ್ಮಂಥವರ ಪಾಠವನ್ನೇ ಒಪ್ಪಿಸಿತು, ಅಷ್ಟೆ.

ಹುಡುಗಿಯಿಂದ ಮತ್ತೆ ಬರೆಸಿದೆ. “ನಮ್ಮವ್ವನ ಕೈ ಆಯಿಲ್ ವಾಸನಿ ಬರತದ. ಅದು ಬಂತಂದ್ರ ಅವ್ವ ಬಂದ್ಲು ಅಂತ ಗೊತ್ತಾಗತದ.” ಏಳು ಕಾಗುಣಿತದ ತಪ್ಪು. ಹತ್ತಕ್ಕೆ ಹತ್ತು ಕೊಟ್ಟೆ.

ತಾಯಂದಿರೇ, ನಿಮ್ಮ ಮಗುವಿನ ಪ್ರಬಂಧ ತೆಗೆದು ನೋಡಿ. ಅದರಲ್ಲಿ ನೀವಿದ್ದೀರಾ?