ಬೆಳ್ಳಿ ಮನೆಗೆ ಚಿಗರಿ ಬಂತು

ಜುಲೈ ತಿಂಗಳ ಜಿಟಿಜಿಟಿ ಮಳೆ. ಆಫೀಸ್ ಮುಗಿಸಿ ಉಣಕಲ್ ಕೆರೆ ಹತ್ತಿರ ಬಸ್ ಇಳಿದೆ. ಸ್ಟಾಪಿನ ಮೂಲೆಯಲ್ಲಿ ಅಂಗೈಯಷ್ಟು ಉದ್ದದ ಬೆಕ್ಕಿನ ಮರಿ ನಡುಗುತ್ತಾ ಕೂತಿತ್ತು. ಅರ್ಧ ಗಂಟೆ ಕಾದರೂ ತಾಯಿ ಬರಲಿಲ್ಲ. ದುಪಟ್ಟಾದಲ್ಲಿ ಸುತ್ತಿಕೊಂಡು ಮನೆಗೆ ತಂದೆ. ಚಿಗರಿ ಬಸ್ಸಿನಿಂದ ಇಳಿದಾಗ ಸಿಕ್ಕಿದ್ದಕ್ಕೆ ಹೆಸರೂ ಚಿಗರಿ ಅಂತಲೇ ಆಯ್ತು.

ಬಾಗಿಲಲ್ಲೇ ಅತ್ತಿ ನಿಂತಿದ್ದರು. "ಏನವಾ ಇದು? ಇರೋ ಒಂದ ಬೆಕ್ಕಿನ ಸೇವಾ ಮಾಡೂದ ಸಾಕಾಗೇತಿ, ಮತ್ತೊಂದ್ ಯಾಕ?"

"ಮಳ್ಯಾಗ ನಡಗಾಕತ್ತಿತ್ರಿ ಅತ್ತಿ. ಎರಡ ದಿನ ಇಟ್ಕೊಳ್ಳೂಣ್ರಿ."

ಇರೋ ಒಂದು ಅಂದರೆ ಬೆಳ್ಳಿ. ಒಂಬತ್ತು ವರ್ಷದ ಬೂದು ಬಣ್ಣದ ಬೆಕ್ಕು. ಅದನ್ನು ತಂದವರು ನಮ್ಮ ಮಾವ. ಅವರು ತೀರಿಕೊಂಡ ಮೇಲೆ ರಾತ್ರಿ ಅತ್ತಿಯ ಕಾಲ ಹತ್ತಿರ ಮಲಗುವುದು ಬೆಳ್ಳಿಯೇ. ಅದು ಬರೀ ಬೆಕ್ಕಲ್ಲ ಅನ್ನೋದು ನನಗೆ ಗೊತ್ತಿರಬೇಕಿತ್ತು.

ನಾನು ಮಾಡಿದ ತಪ್ಪು ಇಷ್ಟೇ: "ನೋಡು ಬೆಳ್ಳಿ, ನಿನಗ ತಂಗಿ ಬಂದಾಳ" ಅಂತ ಮರಿಯನ್ನು ಸೀದಾ ಅದರ ಮೂಗಿನ ಮುಂದೆ ಇಟ್ಟೆ. ಬೆಳ್ಳಿಯ ಬಾಲ ಬ್ರಷ್‌ನಂತೆ ಉಬ್ಬಿತು, ಕಿವಿ ತಲೆಗೆ ಅಂಟಿದವು. 'ಹಿಸ್ಸ್' ಅಂತ ಒಂದು ಏಟು ಕೊಟ್ಟು ಅಲ್ಮಾರಿ ಮೇಲೆ ಹತ್ತಿ ಕೂತಿತು. ಇಳಿಯಲೇ ಇಲ್ಲ. ರಾತ್ರಿ ತಿನ್ನಲಿಲ್ಲ, ಮರುದಿನವೂ ತಿನ್ನಲಿಲ್ಲ. ಅತ್ತಿಯ ತಾಟಿನಲ್ಲೂ ಅರ್ಧ ರೊಟ್ಟಿ ಹಾಗೇ ಉಳಿಯಿತು. ಅವರು ಬೈದಿದ್ದರೆ ಚೆನ್ನಾಗಿತ್ತು; ಏನೂ ಅನ್ನಲಿಲ್ಲ.

ಎರಡನೇ ದಿನ ಬೆಳಿಗ್ಗೆ ಚಿಗರಿಯನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಓಡಿದೆ. ಅವರು ಮರಿಗಿಂತ ಮೊದಲು ಬೆಳ್ಳಿ ಬಗ್ಗೆ ಕೇಳಿದರು. ದೊಡ್ಡ ಬೆಕ್ಕು, ಅದರಲ್ಲೂ ದಪ್ಪಗಿರುವುದು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಅಪಾಯ ಆಗಬಹುದಂತೆ. "ಸಂಜೆಯೊಳಗ ತಿನ್ನಲಿಲ್ಲಂದ್ರ ಕರಕೊಂಡ ಬರ್ರಿ. ಈ ಮರಿನ ಮೊದಲ ಬ್ಯಾರೆ ಖೋಲ್ಯಾಗ ಹಾಕ್ರಿ" ಅಂದರು.

ಬೇರೆ ಖೋಲಿ ಬರೀ ಜಗಳ ತಪ್ಪಿಸಲಿಕ್ಕಲ್ಲ. ಬೀದಿಯಿಂದ ಬಂದ ಮರಿ ನೋಡಲು ಚೆನ್ನಾಗಿದ್ದರೂ ಪ್ಯಾನ್‌ಲ್ಯುಕೊಪೇನಿಯಾದಂಥ ವೈರಸ್ ಹೊತ್ತು ತಂದಿರಬಹುದು. ಅದಕ್ಕೇ ಎರಡು ವಾರ ತಟ್ಟೆ, ನೀರು, ಲಿಟರ್ ಡಬ್ಬಿ ಎಲ್ಲ ಬೇರೆ. ಮರಿ ಮುಟ್ಟಿದ ಮೇಲೆ ಕೈ ತೊಳೆದೇ ಬೆಳ್ಳಿಯನ್ನು ಮುಟ್ಟಬೇಕು. ಹುಳದ ಔಷಧಿ ಆಯ್ತು. ಲಸಿಕೆಯ ಲೆಕ್ಕವನ್ನೂ ಬರೆದುಕೊಟ್ಟರು: ಆರರಿಂದ ಎಂಟು ವಾರಕ್ಕೆ ಮೊದಲ ಡೋಸ್, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ಹನ್ನೆರಡು ವಾರ ತುಂಬಿದ ಮೇಲೆ ರೇಬೀಸ್. ಬೆಳ್ಳಿಯ ಲಸಿಕೆ ತಪ್ಪಿ ಹೋಗಿದ್ದು ಆಗಲೇ ನೆನಪಾಗಿದ್ದು!

ಸಂಜೆ ಚಿಗರಿ ಹಿಂದಿನ ಖೋಲಿ ಸೇರಿತು. ಅತ್ತಿ ಸ್ಟೂಲ್ ಹಾಕಿಕೊಂಡು ಅಲ್ಮಾರಿ ಪಕ್ಕ ಕೂತು, ಬೆಳ್ಳಿಯ ಊಟವನ್ನು ಬೆರಳಿಗೆ ಹಚ್ಚಿ ಮೇಲಕ್ಕೆ ಚಾಚಿದರು. ಹತ್ತು ನಿಮಿಷ ಆದ ಮೇಲೆ ಬೆಳ್ಳಿ ನೆಕ್ಕಿತು. ಆವತ್ತು ರಾತ್ರಿ ನಾವಿಬ್ಬರೂ ಒಟ್ಟಿಗೆ ಊಟ ಮಾಡಿದೆವು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೂ ಗೊತ್ತಲ್ಲ? ಮೊದಲ ದಿನವೇ ಸುಡುಸುಡು ಹಾಲಿಗೆ ಬಾಯಿ ಹಾಕಿದ ಬೆಕ್ಕು ಮುಂದೆ ಹಾಲು ಕಂಡರೆ ಓಡುತ್ತಿತ್ತು. ಮೊದಲ ಭೇಟಿಯೂ ಹಾಗೇ. ಬಾಯಿ ಸುಟ್ಟರೆ ಬಹಳ ದಿನ ಮರೆಯೋದಿಲ್ಲ. (ಅಂದಹಾಗೆ, ಮರಿಗೆ ಆಕಳ ಹಾಲು ಹಾಕಬೇಡಿ, ಭೇದಿ ಆಗಬಹುದು. ಮರಿಗಳದೇ ಕ್ಯಾಟ್ ಫುಡ್ ಸಿಗುತ್ತದೆ.)

ಹಾಗಾಗಿ ಎರಡನೇ ಸಲ ಅವಸರ ಮಾಡಲಿಲ್ಲ. ಬೆಕ್ಕುಗಳು ಮೊದಲು ಪರಿಚಯ ಮಾಡಿಕೊಳ್ಳುವುದು ಮೂಗಿನಿಂದ. ಎರಡು ವಾರ ಕಳೆದು, ಚಿಗರಿ ಆರೋಗ್ಯವಾಗಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಅದು ಮಲಗುವ ಬಟ್ಟೆಯನ್ನು ಬೆಳ್ಳಿಯ ಊಟದ ಜಾಗದಿಂದ ಸ್ವಲ್ಪ ದೂರ ಹಾಕಿದೆ. ಬೆಳ್ಳಿಯ ಬಟ್ಟೆ ಖೋಲಿಯೊಳಗೆ ಹೋಯ್ತು. ಮೊದಲ ದಿನ ಬೆಳ್ಳಿ ಬಟ್ಟೆಗೇ ಹಿಸ್ಸ್ ಅಂತು! ನಾಲ್ಕನೇ ದಿನ ಅದರ ಮೇಲೆಯೇ ನಡೆದು ಹೋಯ್ತು.

ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಎರಡಕ್ಕೂ ಒಂದೇ ಹೊತ್ತಿಗೆ ಊಟ. ಆ ವಾಸನೆ ಬಂದರೆ ಒಳ್ಳೇದು ಸಿಗುತ್ತೆ ಅನ್ನೋದು ತಲೆಗೆ ಹೋಗಬೇಕು. ಆಮೇಲೆ ಸೊಳ್ಳೆ ಜಾಳಿಗೆಯ ಬಾಗಿಲೊಂದನ್ನೇ ಹಾಕಿ ಒಬ್ಬರನ್ನೊಬ್ಬರು ನೋಡಲು ಬಿಟ್ಟೆವು. ಕೊನೆಗೆ ಎದುರೆದುರು, ದಿನಕ್ಕೆ ಐದು ನಿಮಿಷ. ಚಿಗರಿಯನ್ನು ಮೊದಲು ಆಟ ಆಡಿಸಿ ಸುಸ್ತು ಮಾಡುತ್ತಿದ್ದೆ.

ಹಿಸ್ಸ್ ಅಂದಾಗ ಬೆಳ್ಳಿಗೆ ಬೈಯಲಿಲ್ಲ. ಅದು "ದೂರ ಇರು" ಅನ್ನೋ ಮಾತು, ಅಷ್ಟೇ. ಬೈದರೆ ಮರಿ ಬಂದ ಮೇಲೆ ಬೈಗುಳವೂ ಬಂತು ಅಂತ ಅದಕ್ಕನಿಸುತ್ತದೆ. ಎರಡು ಬೆಕ್ಕಿಗೆ ಮೂರು ಲಿಟರ್ ಡಬ್ಬಿ ಇಟ್ಟೆವು, ಒಂದೊಂದು ಒಂದೊಂದು ಕಡೆ. ಅಲ್ಮಾರಿಯ ಮೇಲಿನ ಜಾಗ ಮತ್ತು ರಾತ್ರಿ ಅತ್ತಿಯ ಹಾಸಿಗೆ ಬೆಳ್ಳಿಯದೇ. ಅದರಲ್ಲಿ ರಾಜಿ ಇಲ್ಲ.

ಈಗ ಏಳು ವಾರ. ಇಬ್ಬರೂ ಗೆಳತಿಯರೇನೂ ಆಗಿಲ್ಲ. ಬೆಳ್ಳಿ ಅಲ್ಮಾರಿ ಮೇಲೆ, ಚಿಗರಿ ಕೆಳಗೆ. ಮೊನ್ನೆ ಮಾತ್ರ ಬೆಳ್ಳಿ ಇಳಿದು ಬಂದು ಮರಿಯ ತಲೆ ನೆಕ್ಕಿತು, ಮರುಕ್ಷಣವೇ ಒಂದು ಏಟೂ ಕೊಟ್ಟಿತು, ಉಗುರು ಒಳಗಿಟ್ಟುಕೊಂಡು. ನಾನು ಬೇಸರದಿಂದ "ಇವು ಯಾವಾಗ ಹೊಂದಿಕೋತಾವ್ರಿ ಅತ್ತಿ?" ಅಂದೆ.

ಅತ್ತಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಹೊಂದಿಕೊಂಡಾವಲ್ಲ. ಒಬ್ಬರ ಮೈಮ್ಯಾಲೆ ಒಬ್ಬರು ಮಲಗಬೇಕಂತೇನೈತಿ? ಒಂದ ಮನ್ಯಾಗ ಉಂಡು ಮಲಗಿದ್ರ ಸಾಕು."

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ನೀ ಈ ಮನಿಗೆ ಬಂದಾಗ ಮರುದಿನಾನ ಒಲಿ ಮುಂದ ನಿಲ್ಲಿಸಿದ್ನೆಲ್ಲವಾ ನಿನ್ನ. ನಿನಗೂ ಒಂದೆರಡ ವಾರ ಬ್ಯಾರೆ ಖೋಲಿ ಕೊಡಬೇಕಿತ್ತು ನೋಡ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಸುಲಿದ ಕಾಳಿನ ಬುಟ್ಟಿಯನ್ನು ನನ್ನ ಕಡೆ ಸರಿಸದೆ, ತಾವೇ ಎತ್ತಿಕೊಂಡು ಅಡಿಗೆಮನೆಗೆ ಹೋದರು.