ಮನ್ನ ಬೀಸುವ ಕಲ್ಲು, ಮೋಶೆಯ ಸಂಕಟ

ಅರಣ್ಯಕಾಂಡದ 11ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ ಜನ ಅಳುತ್ತಿದ್ದಾರೆ. ಐಗುಪ್ತದಲ್ಲಿ ಪುಕ್ಕಟೆ ಸಿಗುತ್ತಿದ್ದ ಮೀನು, ಸೌತೆಕಾಯಿ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿ ನೆನಪಾಗಿವೆ. ಕಣ್ಣೆದುರಿಗಿರುವುದು ದಿನವೂ ಅದೇ ಮನ್ನ, ಅರಣ್ಯದಲ್ಲಿ ದೇವರು ಕೊಡುತ್ತಿದ್ದ ಆಹಾರ. ಮನೆಮನೆಯವರೂ ತಮ್ಮ ಡೇರೆಯ ಬಾಗಿಲಲ್ಲಿ ನಿಂತು ಅಳುವುದು ಮೋಶೆಗೆ ಕೇಳಿಸುತ್ತದೆ. ಫರೋಹನ ಎದುರು ನಿಂತವನು ಇಲ್ಲಿ ಕುಸಿಯುತ್ತಾನೆ. ಈ ಜನರನ್ನೆಲ್ಲ ಹೆತ್ತವನು ನಾನೇ, ಎಳೆಗೂಸಿನಂತೆ ಇವರನ್ನು ಎದೆಗಪ್ಪಿ ಹೊರುವವನು ನಾನೇ ಎಂದು ದೇವರನ್ನು ಕೇಳುತ್ತಾನೆ. ಹೀಗೆ ನಡೆಸಿಕೊಳ್ಳುವುದಾದರೆ ಕೊಂದೇಬಿಡು ಎಂದು ಬೇಡುತ್ತಾನೆ.

ಜನರ ಅಳುವಿಗೂ ಮೋಶೆಯ ಕುಸಿತಕ್ಕೂ ನಡುವೆ ತೋರಾ (ಮೋಶೆಯ ಐದು ಗ್ರಂಥಗಳು) ಸ್ವಲ್ಪ ತಡೆದು, ಆ ಮನ್ನವನ್ನು ಅಡುಗೆ ಮಾಡುತ್ತಿದ್ದುದು ಹೇಗೆಂದು ವಿವರಿಸುತ್ತದೆ. ಕೊತ್ತಂಬರಿ ಬೀಜದ ಹಾಗಿತ್ತು. ಜನ ಓಡಾಡಿ ಆರಿಸಿ ತಂದು, ಬೀಸುವ ಕಲ್ಲಿನಲ್ಲಿ ಬೀಸಿ ಇಲ್ಲವೇ ಒರಳಲ್ಲಿ ಕುಟ್ಟಿ, ಪಾತ್ರೆಯಲ್ಲಿ ಬೇಯಿಸಿ ರೊಟ್ಟಿ ಮಾಡುತ್ತಿದ್ದರು. ಎಣ್ಣೆಯಲ್ಲಿ ಮಾಡಿದ ತಿಂಡಿಯ ರುಚಿ ಅದಕ್ಕೆ. ನಾಯಕನೊಬ್ಬನ ಬದುಕಿನ ಅತ್ಯಂತ ಕೆಟ್ಟ ದಿನದ ನಡುವೆ ಹೀಗೊಂದು ಅಡುಗೆಯ ವಿವರ ಬಂದು ಕೂತಿದೆ.

ಈ ಅಧ್ಯಾಯವನ್ನೇ ಮೊದಲು ತೆಗೆದುಕೊಂಡದ್ದಕ್ಕೆ ಕಾರಣವಿದೆ. ಯೆಹೂದಿ ಓದುಗರ ನಡುವೆ ಇಂದು ಬರವಣಿಗೆಯ ಒಂದು ಪ್ರಕಾರ ಬೆಳೆದಿದೆ. ಆ ವಾರದ ತೋರಾ ಭಾಗವನ್ನು ಹಿಡಿದು ನಾಯಕತ್ವದ ಬಗ್ಗೆ ಒಂದು ಚಿಂತನೆ, ಅದರ ಜೊತೆಗೆ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಊಟಕ್ಕೊಂದು ಅಡುಗೆ. ಮೋಶೆಯ ಐದು ಗ್ರಂಥಗಳನ್ನು 54 ಭಾಗಗಳಾಗಿ ವಿಂಗಡಿಸಿ, ವರ್ಷಕ್ಕೊಂದು ಸುತ್ತು ಓದಿ ಮುಗಿಸುವುದು ಬ್ಯಾಬಿಲೋನಿನ ಯೆಹೂದಿಗಳಿಂದ ಬಂದ ಪದ್ಧತಿ. ಇಸ್ರಾಯೇಲ್ ನಾಡಿನಲ್ಲಿ ಹಿಂದೆ ಈ ಸುತ್ತಿಗೆ ಸುಮಾರು ಮೂರು ವರ್ಷ ಹಿಡಿಯುತ್ತಿತ್ತು. ಒಂದು ಭಾಗಕ್ಕೆ 'ಪಾರಾಶಾ' ಎಂದು ಹೆಸರು. ಸಿಮ್ಹತ್ ತೋರಾ ಹಬ್ಬದ ದಿನ ಕೊನೆಯ ಭಾಗ ಓದಿ, ಅದೇ ಕೂಟದಲ್ಲಿ ಮತ್ತೆ ಸೃಷ್ಟಿಯ ಮೊದಲ ಸಾಲಿಗೆ ಮರಳುತ್ತಾರೆ. ಸಬ್ಬತ್ತಿನ ಊಟದ ಹೊತ್ತಿಗೆ ಮನೆಯಲ್ಲಿ ಯಾರಾದರೊಬ್ಬರು ಆ ವಾರದ ಭಾಗದ ಬಗ್ಗೆ ನಾಲ್ಕು ಮಾತಾಡುವುದು ರೂಢಿ. ಆ ನಾಲ್ಕು ಮಾತಿಗೆ ಒದಗಲೆಂದೇ ಇಂಥ ಬರಹಗಳು ಹುಟ್ಟುತ್ತವೆ.

ಇದನ್ನು ಒಪ್ಪದವರು ಇದ್ದಾರೆ. ಪವಿತ್ರ ಗ್ರಂಥವನ್ನು ಕಂಪನಿಯ ತರಬೇತಿ ಶಿಬಿರದ ಪಾಠವಾಗಿಸುತ್ತೀರಿ, ಅದರ ಮೇಲೆ ಅಡುಗೆ ಪುಸ್ತಕವನ್ನೂ ಹೇರುತ್ತೀರಿ ಎಂಬುದು ಅವರ ದೂರು. ಯೆಹೂದಿಯಲ್ಲದ ನನಗೆ ಇದರಲ್ಲಿ ತೀರ್ಪು ಕೊಡುವ ಹಕ್ಕಿಲ್ಲ. ಆದರೆ ಈ ಗ್ರಂಥದ ಮೇಲಿನ ಪ್ರೀತಿಯಿಂದ ಎರಡೂ ಕಡೆಯ ಮಾತನ್ನು ತೂಗಿ ನೋಡದೆ ಇರಲಾರೆ.

ನಾಯಕತ್ವದ ಓದು ಮೊನ್ನೆಮೊನ್ನೆ ಹುಟ್ಟಿದ್ದಲ್ಲ. ಯಾಜಕಕಾಂಡದ 4ನೆಯ ಅಧ್ಯಾಯ ತಪ್ಪಿಗಾಗಿ ತರಬೇಕಾದ ಬಲಿಗಳನ್ನು ಹೇಳುತ್ತದೆ. ಮಹಾಯಾಜಕನ ವಿಷಯದಲ್ಲೂ ಇಡೀ ಸಮುದಾಯದ ವಿಷಯದಲ್ಲೂ ಅಲ್ಲಿನ ಹೀಬ್ರೂ ಪದ 'ತಪ್ಪು ಮಾಡಿದರೆ' ಎಂಬ ಅರ್ಥದ್ದು. ಅಧಿಪತಿಯ ವಿಷಯಕ್ಕೆ ಬಂದಾಗ ಮಾತ್ರ ಪದ ಬದಲಾಗಿ 'ತಪ್ಪು ಮಾಡಿದಾಗ' ಎಂಬ ಧ್ವನಿ ಬರುತ್ತದೆ. ಅಧಿಕಾರದಲ್ಲಿರುವವನು ಎಡವದೆ ಇರುವುದಿಲ್ಲ ಎಂಬುದು ಆ ಒಂದು ಪದದಲ್ಲಿದೆ. ತನ್ನ ತಪ್ಪನ್ನು ಒಪ್ಪಿ ಬಲಿ ತರುವ ಅಧಿಪತಿಯನ್ನು ಪಡೆದ ಪೀಳಿಗೆಯೇ ಧನ್ಯ ಎಂದು ರಬ್ಬಿ ಯೋಹಾನಾನ್ ಬೆನ್ ಝಕ್ಕಾಯ್ ಈ ಪದವನ್ನು ಹಿಡಿದೇ ಹೇಳಿದ್ದರೆಂದು ರಬ್ಬಿಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ದಾಖಲಿಸಿದೆ. ಮ್ಯಾನೇಜ್‌ಮೆಂಟ್ ಎಂಬ ಶಾಸ್ತ್ರ ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದಿನ ಓದು ಇದು.

1991ರಿಂದ 2013ರವರೆಗೆ ಬ್ರಿಟನ್ನಿನ ಮುಖ್ಯ ರಬ್ಬಿಯಾಗಿದ್ದ ಜೊನಾಥನ್ ಸ್ಯಾಕ್ಸ್ ಇದೇ ದಾರಿಯಲ್ಲಿ ಪ್ರತಿ ಪಾರಾಶಾಕ್ಕೂ ಒಂದೊಂದು ಲೇಖನ ಬರೆದು, 2015ರಲ್ಲಿ 'ಲೆಸನ್ಸ್ ಇನ್ ಲೀಡರ್‌ಶಿಪ್' ಎಂಬ ಪುಸ್ತಕ ತಂದರು. ಹಾರ್ವರ್ಡಿನ ರೊನಾಲ್ಡ್ ಹೈಫೆಟ್ಸ್ ಮಾಡಿದ್ದ ಒಂದು ವ್ಯತ್ಯಾಸ ಸ್ಯಾಕ್ಸ್ ಅವರಿಗೆ ಪ್ರಿಯವಾಗಿತ್ತು: ಕೆಲವು ಸಮಸ್ಯೆಗಳನ್ನು ನಾಯಕ ತಾನೇ ಬಗೆಹರಿಸಬಹುದು, ಇನ್ನು ಕೆಲವು ಬಗೆಹರಿಯಬೇಕಾದರೆ ಜನರೇ ಬದಲಾಗಬೇಕು. ಇದನ್ನು ಹಿಡಿದು ಮೋಶೆಯ ಕುಸಿತವನ್ನು ಓದಿದರೆ ಹಳೆಯ ಒಗಟೊಂದು ಬಿಡಿಸಿಕೊಳ್ಳುತ್ತದೆ. ವಿಮೋಚನಾಕಾಂಡದ 16ನೆಯ ಅಧ್ಯಾಯದಲ್ಲೂ ಜನ ಹಸಿವೆಂದು ಗೊಣಗಿದ್ದರು. ಅಂದು ಮೋಶೆ ಅಲುಗಲಿಲ್ಲ. ಅದು ನಿಜವಾದ ಹಸಿವು, ಮನ್ನ ಬಂತು, ತೀರಿತು. ಅರಣ್ಯಕಾಂಡದ ಹೊತ್ತಿಗೆ ಹೊಟ್ಟೆಗೆ ಕೊರತೆಯಿಲ್ಲ. ಬಿಡುಗಡೆಯಾದವರು ದಾಸ್ಯದ ದಿನಗಳನ್ನೇ ರುಚಿಯಾಗಿ ನೆನೆಯುತ್ತಿದ್ದಾರೆ. ಇದಕ್ಕೆ ಮೋಶೆಯ ಕೈಯಲ್ಲಿ ಮದ್ದಿಲ್ಲ. ಆದ್ದರಿಂದಲೇ ಸಾವು ಬೇಡುತ್ತಾನೆ, ಆದ್ದರಿಂದಲೇ ಅವನ ಹೊರೆಯನ್ನು ಹಂಚಿಕೊಳ್ಳಲು 70 ಮಂದಿ ಹಿರಿಯರು ಬರಬೇಕಾಗುತ್ತದೆ. ಇದು ನನಗೆ ಒಪ್ಪಿಗೆಯಾಗುವ ಓದು. ಹೊರಗಿನ ಶಾಸ್ತ್ರವೊಂದರ ದೀಪ ಹಿಡಿದದ್ದು ನಿಜ, ಆದರೆ ಬೆಳಕು ಬಿದ್ದದ್ದು ಗ್ರಂಥದ ಮೇಲೆಯೇ.

ತೊಡಕಿರುವುದು ವಾರವಾರವೂ ಹೀಗೆ ಓದಬೇಕೆಂಬ ಹಟದಲ್ಲಿ. ಯಾಜಕಕಾಂಡದ 'ತಝ್ರಿಯಾ', 'ಮೆತ್ಸೋರಾ' ಭಾಗಗಳ ವಿಷಯ ಹೆರಿಗೆಯ ಮಡಿ, ಚರ್ಮದ ಮಚ್ಚೆ, ಗೋಡೆಗೆ ಹಿಡಿದ ಬೂಷ್ಟು. ಅದರಿಂದಲೂ ನಾಯಕನಿಗೊಂದು ನೀತಿ ಹಿಂಡಿ ತೆಗೆಯಬಹುದು, ತೆಗೆದೂ ಇದ್ದಾರೆ. ಆದರೆ ಹೆತ್ತವಳ ದೇಹ, ಪಾಳೆಯದ ಹೊರಗೆ ಒಂಟಿಯಾಗಿ ಕೂತ ರೋಗಿಯ ಭಯ ಆ ನೀತಿಯಲ್ಲಿ ಎಲ್ಲಿ ಹೋದವು? ಕೋರಹನ ದಂಗೆಯನ್ನೇ ನೋಡಿ. ಸಮೂಹದವರೆಲ್ಲರೂ ಪವಿತ್ರರಾಗಿರುವಾಗ ನೀವೇಕೆ ಮೇಲೇರಿ ಕೂತಿದ್ದೀರಿ ಎಂದು ಅವನು ಮೋಶೆ, ಆರೋನರನ್ನು ಕೇಳುತ್ತಾನೆ. ನಾಯಕತ್ವದ ಪಾಠದಲ್ಲಿ ಅವನು ಜನರನ್ನು ಕೆರಳಿಸುವ ಸ್ವಾರ್ಥಿಯಾಗಿ ಮುಗಿಯುತ್ತಾನೆ. ಆದರೆ ಇಸ್ರಾಯೇಲ್ಯರು ಯಾಜಕರ ರಾಜ್ಯ, ಪವಿತ್ರ ಜನಾಂಗ ಆಗಬೇಕೆಂದು ಸೀನಾಯ್ ಬೆಟ್ಟದ ಬುಡದಲ್ಲಿ ಹೇಳಿದ್ದು ದೇವರೇ ಅಲ್ಲವೇ? ನೆಲ ಬಾಯ್ತೆರೆದು ಕೋರಹನನ್ನು ನುಂಗಿದ ಮೇಲೂ ಅವನ ಪ್ರಶ್ನೆ ನೆಲದ ಮೇಲೇ ಉಳಿದಿದೆ. ಗೆದ್ದವನ ಬದಿಯಿಂದ ಮಾತ್ರ ಓದುವವರಿಗೆ ಅದು ಕೇಳಿಸುವುದಿಲ್ಲ.

ಇದಕ್ಕಿಂತ ಭಾರವಾದ ಆಕ್ಷೇಪ ಇನ್ನೊಂದಿದೆ. ಸಬ್ಬತ್ ದಿನ ನಿನ್ನ ದಾಸ, ದಾಸಿ, ಎತ್ತು, ಕತ್ತೆ, ನಿನ್ನ ಊರಿನಲ್ಲಿರುವ ಪರದೇಶಿ ಎಲ್ಲರಿಗೂ ವಿಶ್ರಾಂತಿ ಎನ್ನುತ್ತದೆ ಧರ್ಮೋಪದೇಶಕಾಂಡ. ಯಾರೂ ಯಾರ ಮೇಲೂ ಅಧಿಕಾರ ನಡೆಸದ ದಿನ ಅದು. ಅಂಥ ದಿನದ ಮೇಜಿನ ಮೇಲೆ ನಾಯಕತ್ವದ ಮಾತೇ ಏಕೆ? ಇದಕ್ಕೂ ಉತ್ತರವಿದೆ, ಮತ್ತು ಅದು ತಳ್ಳಿಹಾಕುವಂಥದ್ದಲ್ಲ. ತೋರಾದಲ್ಲಿ ಮುಂದೆ ನಿಂತವರೆಲ್ಲ ಪದವಿಯಲ್ಲಿದ್ದವರಲ್ಲ. ಗಂಡುಮಕ್ಕಳನ್ನು ಕೊಲ್ಲೆಂಬ ಫರೋಹನ ಅಪ್ಪಣೆಯನ್ನು ಮೀರಿದ ಸೂಲಗಿತ್ತಿಯರಾದ ಶಿಫ್ರಾ, ಪೂವಾ ಅವರ ಕೈಯಲ್ಲಿ ಯಾವ ಅಧಿಕಾರವಿತ್ತು? ನದಿಯಿಂದ ಮಗುವನ್ನೆತ್ತಿದ ಫರೋಹನ ಮಗಳ ಹೆಸರನ್ನೂ ಗ್ರಂಥ ಅಲ್ಲಿ ಹೇಳುವುದಿಲ್ಲ. ಇಂಥವರನ್ನು ನೆನೆಯುವುದೂ ನಾಯಕತ್ವದ ಓದಾದರೆ ಅದು ಸಬ್ಬತ್ತಿಗೆ ಹೊರತಲ್ಲ. ಬರೆಯುವವರು ಮೇಲಧಿಕಾರಿಯನ್ನು ಉದ್ದೇಶಿಸಿಯೇ ಬರೆಯತೊಡಗಿದಾಗ ಮಾತ್ರ ನಾನು ಆಕ್ಷೇಪಿಸುವವರ ಕಡೆಗೆ ಸರಿಯುತ್ತೇನೆ.

ಇನ್ನು ಅಡುಗೆಯ ವಿಷಯ. ಇದನ್ನು ಹಗುರವಾಗಿ ನೋಡುವವರೇ ಹೆಚ್ಚು, ನನಗಂತೂ ಅದು ತಪ್ಪೆನಿಸುತ್ತದೆ. ಸಬ್ಬತ್ ದಿನ ನಿಮ್ಮ ಮನೆಗಳಲ್ಲಿ ಬೆಂಕಿ ಹೊತ್ತಿಸಬೇಡಿರಿ ಎಂಬುದು ವಿಮೋಚನಾಕಾಂಡದ 35ನೆಯ ಅಧ್ಯಾಯದ ಮಾತು. ಬೆಂಕಿಯೇ ಇರಕೂಡದೆಂದು ಕರಾಯಿಟ್ ಪಂಥದವರು ಅರ್ಥ ಮಾಡಿ, ಕತ್ತಲಲ್ಲಿ ಕೂತು ತಣ್ಣಗಿನ ಊಟ ಉಂಡರು. ಹೊಸದಾಗಿ ಹೊತ್ತಿಸಬಾರದು, ಮೊದಲೇ ಹೊತ್ತಿಸಿಟ್ಟದ್ದು ಉರಿಯಲಿ ಎಂದರು ರಬ್ಬಿಗಳು. ಆ ಅರ್ಥದಿಂದ ಹುಟ್ಟಿದ ಅಡುಗೆಯೇ ಹಮೀನ್. ಪೂರ್ವ ಯೂರೋಪಿನವರ ಬಾಯಲ್ಲಿ ಚೋಲೆಂಟ್. ಗುರುವಾರ ರಾತ್ರಿ ನೆನೆಹಾಕಿದ ಕಾಳು, ಬಾರ್ಲಿ, ಎಲುಬಿನ ಸಮೇತ ಮಾಂಸ, ಈರುಳ್ಳಿ, ಆಲೂಗಡ್ಡೆ, ಚಿಪ್ಪು ಬಿಡಿಸದ ಮೊಟ್ಟೆ ಎಲ್ಲವನ್ನೂ ಒಂದೇ ದಪ್ಪ ಪಾತ್ರೆಗೆ ಹಾಕಿ, ನೀರು ತುಂಬಿ, ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಬೇಯಿಸಿ ಸಣ್ಣ ಉರಿಯ ಮೇಲೆ ಮುಚ್ಚಿಡಬೇಕು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೊಟ್ಟೆಯ ಬಿಳಿಭಾಗ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮೊರಾಕ್ಕೊದವರು ಕಡಲೆ, ಗೋಧಿ ಸೇರಿಸುತ್ತಾರೆ. ಇರಾಕಿನವರು ಕೋಳಿಯೊಳಗೆ ಅಕ್ಕಿ ತುಂಬಿ ತಬೀತ್ ಮಾಡುತ್ತಾರೆ. ಯೆಮೆನಿನವರು ಹಿಟ್ಟನ್ನು ತೆಳ್ಳಗೆ ಹರಡಿ ಸುತ್ತಿ ಜಹ್ನೂನ್ ಇಡುತ್ತಾರೆ. ಸಬ್ಬತ್ ದಿನ ಬಿಸಿಯೂಟ ಉಣ್ಣದವನ ನಿಷ್ಠೆಯನ್ನೇ ಶಂಕಿಸಬೇಕೆಂದು 12ನೆಯ ಶತಮಾನದ ಝೆರಹ್ಯಾ ಹಲೇವಿ ಬರೆದರು. ಅಂದರೆ ಈ ಪಾತ್ರೆಯೇ ಒಂದು ವ್ಯಾಖ್ಯಾನ. ಪಾರಾಶಾದ ಪಕ್ಕದಲ್ಲಿ ಅದರ ವಿಧಾನ ಅಚ್ಚಾದರೆ, ಒಂದು ಭಾಷ್ಯದ ಪಕ್ಕದಲ್ಲಿ ಇನ್ನೊಂದು ಭಾಷ್ಯ ಬಂದಂತೆ.

ಗ್ರಂಥ ಕೈತಪ್ಪಿದಲ್ಲಿ ಒಲೆ ಅದನ್ನು ಕಾದಿದೆ. ಸ್ಪೇನಿನಲ್ಲಿ ಬಲವಂತವಾಗಿ ಮತಾಂತರಗೊಂಡ ಕುಟುಂಬಗಳ ಹೆಂಗಸರು ಶುಕ್ರವಾರ ಸಂಜೆ ಹಮೀನ್‌ನ ಸ್ಪೇನಿನ ರೂಪವಾದ 'ಅದಫೀನಾ' ಇಟ್ಟದ್ದು ಇನ್‌ಕ್ವಿಸಿಷನ್ ವಿಚಾರಣೆಗಳಲ್ಲಿ ಅವರ ವಿರುದ್ಧದ ಸಾಕ್ಷ್ಯವಾಯಿತು. ನಮ್ಮ ಪಕ್ಕದ ಕೊಂಕಣ ಕರಾವಳಿಯ ಯೆಹೂದಿಗಳಾದ ಬೆನೆ ಇಸ್ರಾಯೇಲರು ಗಾಣದ ಕಸುಬಿನವರಾಗಿದ್ದರು. ಶನಿವಾರ ಗಾಣ ಕಟ್ಟದ ಕಾರಣ ಅವರಿಗೆ 'ಶನಿವಾರ ತೇಲಿ' ಎಂದೇ ಹೆಸರಾಗಿತ್ತು. ತೋರಾ ಸುರುಳಿ ಕೈಯಲ್ಲಿಲ್ಲದ ಕಾಲದಲ್ಲೂ ಸಬ್ಬತ್ತು ಅವರಲ್ಲಿ ಗಾಣದ ಬಿಡುವಾಗಿ, ಅಡುಗೆಮನೆಯ ನೇಮವಾಗಿ ಉಳಿಯಿತು.

ಆದರೆ ಎಲ್ಲ ಅಡುಗೆಯೂ ಇಷ್ಟು ಆಳದ್ದಲ್ಲ. ಏಸಾವನು ಕೆಂಪು ಬೇಳೆಯ ಸಾರಿಗಾಗಿ ತನ್ನ ಜ್ಯೇಷ್ಠತ್ವವನ್ನೇ ಮಾರಿದ ಕಥೆ ಓದುವ ವಾರ ಅದೇ ಸಾರು ಮಾಡುವುದು ಸರಿಯೇ. ಒಂದು ಹೊತ್ತಿನ ಹಸಿವಿಗೆ ಅವನು ಏನು ಕೊಟ್ಟನೆಂಬುದು ನಾಲಿಗೆಗೂ ತಿಳಿಯುತ್ತದೆ. ನೋಹನ ವಾರಕ್ಕೆ ಕಾಮನಬಿಲ್ಲಿನ ಬಣ್ಣದ ಕೇಕು ಮಾಡುವವರನ್ನು ಕಂಡರೆ ಮಾತ್ರ ನನಗೆ ಕಸಿವಿಸಿ. ಮಕ್ಕಳಿಗೆ ಇಷ್ಟವಾಗುತ್ತದೆ, ಮಕ್ಕಳು ಮೇಜಿಗೆ ಬರುವುದು ಮುಖ್ಯ ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೂ ಅದು ಲೋಕವೇ ಮುಳುಗಿಹೋದ ಕಥೆ. ಹಮೀನ್ ಪಾತ್ರೆಯನ್ನು ಮುಚ್ಚಿಟ್ಟ ಮೇಲೆ ಕೈಯಾಡಿಸುವಂತಿಲ್ಲ, ನಾಯಕನೂ ಹಾಗೆಯೇ ಎಂದು ಹೋಲಿಸುವುದು ಸುಲಭ. ಹೋಲಿಸದಿದ್ದರೇ ವಾಸಿ. ಪಾತ್ರೆ ಪಾತ್ರೆಯಾಗಿಯೇ ಸಾಕಷ್ಟು ಹೇಳುತ್ತದೆ. ಚಿಂತನೆ ಗಂಡಸಿನದು, ಅಡುಗೆ ಹೆಂಗಸಿನದು ಎಂದು ಪುಟದಲ್ಲೇ ಪಾಲಾಗಿಬಿಟ್ಟರೆ ಅದೂ ಒಂದು ಅನ್ಯಾಯ. ಗುರುವಾರದಿಂದಲೇ ನಿಂತು ದುಡಿದವಳಿಗೆ ಊಟದ ಹೊತ್ತಿನಲ್ಲಿ ಮಾತಿನ ಪಾಲು ಸಿಗದಿದ್ದರೆ, ದಾಸಿಗೂ ವಿಶ್ರಾಂತಿ ಕೊಡು ಎಂಬ ಆಜ್ಞೆಯನ್ನು ಆ ಮನೆ ಓದಿದೆಯೇ ಎಂದು ಕೇಳಬೇಕಾಗುತ್ತದೆ.

ಇಲ್ಲಿ ಜೆರುಸಲೇಮಿನ ತೋರಾ ಶಿಕ್ಷಕಿ ನೆಹಮಾ ಲೈಬೊವಿಟ್ಸ್ ನೆನಪಾಗುತ್ತಾರೆ. 1942ರಿಂದ 1971ರವರೆಗೆ ಅವರು ವಾರವಾರವೂ ಪಾರಾಶಾದ ಮೇಲೆ ಪ್ರಶ್ನೆಗಳ ಹಾಳೆ ಹೊರಡಿಸಿದರು. ಕಿಬುಟ್ಸ್ ಎಂಬ ಸಾಮೂಹಿಕ ಬೇಸಾಯದ ನೆಲೆಗಳ ದುಡಿಮೆಗಾರರು, ಸೈನಿಕರು, ಮೇಷ್ಟರುಗಳು ಉತ್ತರ ಬರೆದು ಕಳಿಸುತ್ತಿದ್ದರು. ಅವನ್ನು ನೆಹಮಾ ಕೆಂಪು ಶಾಯಿಯಲ್ಲಿ ತಿದ್ದಿ ಮರಳಿಸುತ್ತಿದ್ದರು. ಕಠಿಣ ಪ್ರಶ್ನೆಗೆ ಒಂದು ಗುರುತು, ಅತಿ ಕಠಿಣಕ್ಕೆ ಎರಡು. ಮಧ್ಯಯುಗದ ವ್ಯಾಖ್ಯಾನಕಾರ ರಾಶಿ ಈ ಸಾಲಿಗೆ ಟಿಪ್ಪಣಿ ಬರೆದರಲ್ಲ, ಅವರನ್ನು ಇಲ್ಲಿ ಕಾಡಿದ್ದೇನು ಎಂಬುದು ನೆಹಮಾ ಅವರ ಪ್ರಸಿದ್ಧ ಪ್ರಶ್ನೆ. ಉತ್ತರ ಹುಡುಕುವ ಹೊಣೆ ಓದುವವರದ್ದು. ನಾಯಕತ್ವದ ಲೇಖನಗಳಲ್ಲಿ ನನಗೆ ಕೊರತೆಯಾಗಿ ಕಾಣುವುದು ಇದೇ. ಅಲ್ಲಿ ಉತ್ತರ ಬೇಗ ಬಂದುಬಿಡುತ್ತದೆ. ಅಡುಗೆಯ ವಿಧಾನ ಕೊಡುವವರು ಉಪ್ಪನ್ನಾದರೂ ರುಚಿಗೆ ತಕ್ಕಷ್ಟು ಎಂದು ನಮ್ಮ ಕೈಗೆ ಬಿಡುತ್ತಾರೆ.

ಮತ್ತೆ ಆ 11ನೆಯ ಅಧ್ಯಾಯಕ್ಕೇ ಬರುತ್ತೇನೆ. 70 ಹಿರಿಯರು ದೇವದರ್ಶನದ ಗುಡಾರದ ಸುತ್ತ ನಿಂತಾಗ ಎಲ್ದಾದ್, ಮೇದಾದ್ ಎಂಬಿಬ್ಬರು ಅಲ್ಲಿಗೆ ಹೋಗದೆ ಪಾಳೆಯದಲ್ಲೇ, ಆ ಒರಳು, ಬೀಸುವ ಕಲ್ಲುಗಳ ನಡುವೆಯೇ ಉಳಿದಿದ್ದರು. ದೇವರ ಆತ್ಮ ಅವರ ಮೇಲೂ ಇಳಿದು ಅವರು ಪ್ರವಾದಿಸತೊಡಗಿದರು. ಅವರನ್ನು ತಡೆಯೆಂದ ತನ್ನ ಸಹಾಯಕ ಯೆಹೋಶುವನಿಗೆ, ಯೆಹೋವನ ಜನರೆಲ್ಲರೂ ಪ್ರವಾದಿಗಳಾದರೆ ಎಷ್ಟೋ ಒಳ್ಳೆಯದು ಎಂದು ಮೋಶೆ ಉತ್ತರಿಸಿದ. ಆ ಇಬ್ಬರು ನುಡಿದದ್ದು ಏನೆಂದು ಗ್ರಂಥ ಹೇಳುವುದಿಲ್ಲ. ತಾಲ್ಮುದಿನ ಪಂಡಿತರು ಇದನ್ನು ಚರ್ಚಿಸಿದ್ದಾರೆ. ಮೋಶೆ ಸಾಯುತ್ತಾನೆ, ಜನರನ್ನು ನಾಡಿನೊಳಕ್ಕೆ ನಡೆಸುವವನು ಯೆಹೋಶುವ ಎಂದು ನುಡಿದರೆಂಬುದು ಒಂದು ಅಭಿಪ್ರಾಯ. ಕಾಲದ ಕೊನೆಗೆ ನಡೆಯಲಿರುವ ಗೋಗ್, ಮಾಗೋಗರ ಯುದ್ಧದ ಬಗ್ಗೆ ನುಡಿದರೆಂಬುದು ಇನ್ನೊಂದು. ಇವೆರಡರ ನಡುವೆ, ಅಬ್ಬಾ ಹಾನಿನ್ ರಬ್ಬಿ ಎಲಿಯೆಜರ್ ಅವರ ಹೆಸರಿನಲ್ಲಿ ಹೇಳುವ ಪ್ರಕಾರ, ಅವರಿಬ್ಬರೂ ಲಾವಕ್ಕಿಗಳನ್ನು ಕರೆಯುತ್ತಿದ್ದರು, ಅಳುತ್ತಿದ್ದ ಪಾಳೆಯದ ಕಡೆಗೆ.