ಅಂಬೆಗಾಲಿಡುವ ಕೂಸಿನ ನಿದ್ದೆಗೆ ಮದ್ದು ಬೇಡ

ಐದಾರು ತಿಂಗಳವರೆಗೆ ತಕ್ಕಮಟ್ಟಿಗೆ ಮಲಗುತ್ತಿದ್ದ ಕೂಸು ಏಳೆಂಟನೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ರಾತ್ರಿ ಮತ್ತೆ ಮತ್ತೆ ಏಳತೊಡಗಿದರೆ, ಮನೆಯವರ ಬಳಿ ಕಾರಣಗಳಿಗೆ ಬರವಿರುವುದಿಲ್ಲ. ಹಲ್ಲು ಬರುತ್ತಿದೆ, ದೃಷ್ಟಿಯಾಗಿದೆ, ತಾಯಿಯ ಹಾಲು ಸಾಲುತ್ತಿಲ್ಲ. ಕೊನೆಯದಂತೂ ಬಾಣಂತನ ಮುಗಿಸಿ ಎದ್ದ ಹೆಣ್ಣಿನ ಮೇಲೆ ಹೊರಿಸುವ ಆರೋಪವೇ ಸರಿ. ಆ ಕೂಸು ಹಗಲಲ್ಲಿ ಏನು ಮಾಡುತ್ತಿದೆ ಎಂದು ಗಮನಿಸುವವರು ಕಡಿಮೆ. ನಿನ್ನೆಯವರೆಗೆ ಹೊಟ್ಟೆ ಎಳೆದುಕೊಂಡು ತೆವಳುತ್ತಿದ್ದದ್ದು ಈಗ ಮಂಡಿಯೂರಿ ಹಿಂದೆ ಮುಂದೆ ತೂಗುತ್ತಿದೆ, ಇಲ್ಲವೇ ಮಂಚದ ಕಾಲು ಹಿಡಿದು ಏಳಲು ಹೆಣಗುತ್ತಿದೆ. ಕೆಟ್ಟ ನಿದ್ದೆಯ ಕಾರಣವನ್ನು ಮೊದಲು ಹುಡುಕಬೇಕಾದದ್ದು ಅಲ್ಲಿ.

ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದಲ್ಲಿ ಅನಾತ್ ಶೇರ್ ಮತ್ತು ಜೊತೆಗಾರರು 28 ಶಿಶುಗಳ ನಿದ್ದೆಯನ್ನು ತಿಂಗಳುಗಟ್ಟಲೆ ಹಿಂಬಾಲಿಸಿದರು. ಆ ಮಕ್ಕಳು ಅಂಬೆಗಾಲಿಡಲು ಶುರುಮಾಡಿದ್ದು ಸರಾಸರಿ ಏಳನೇ ತಿಂಗಳಲ್ಲಿ. ಆಗ ರಾತ್ರಿಯ ಎಚ್ಚರಗಳ ಸರಾಸರಿ 1.55ರಿಂದ 1.98ಕ್ಕೆ ಏರಿತು, ಸುಮಾರು ಮೂರು ತಿಂಗಳಲ್ಲಿ ಮತ್ತೆ ಹಳೆಯ ಮಟ್ಟಕ್ಕೆ ಇಳಿಯಿತು. ಹಿಡಿದು ನಿಲ್ಲಲು ಕಲಿಯುವ ಘಟ್ಟವನ್ನೂ ಶೇರ್ ಇದೇ ಪ್ರಶ್ನೆಯಿಟ್ಟುಕೊಂಡು ಅಭ್ಯಸಿಸಿದ್ದಾರೆ. ಎಲ್ಲರಿಗೂ ರಾತ್ರಿಯಲ್ಲಿ ನಿದ್ದೆ ಹಲವು ಬಾರಿ ತಿಳಿಯಾಗುತ್ತದೆ. ದೊಡ್ಡವರು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ. ಹೊಸ ವಿದ್ಯೆ ಕಲಿತ ಕೂಸು ಆ ಕ್ಷಣದಲ್ಲಿ ಅದನ್ನೇ ಮಾಡಿಬಿಡುತ್ತದೆ: ಅರೆನಿದ್ದೆಯಲ್ಲೇ ಮಂಡಿಯೂರುತ್ತದೆ, ತೊಟ್ಟಿಲ ಅಂಚು ಹಿಡಿದು ನಿಲ್ಲುತ್ತದೆ. ನಿಲ್ಲುವುದು ಬಂದಿದೆ, ನಿಂತ ಮೇಲೆ ಕೂರುವುದು ಇನ್ನೂ ಬಂದಿಲ್ಲ. ಹಾಗಾಗಿ ನಿಂತಲ್ಲೇ ಅಳುತ್ತದೆ. ಕಲಿಕೆ ನಿದ್ದೆಯನ್ನು ಕದಡುವಂತೆ ನಿದ್ದೆ ಕಲಿಕೆಯನ್ನು ಗಟ್ಟಿಮಾಡುತ್ತದೆ. ನ್ಯೂಯಾರ್ಕಿನ ಸಾರಾ ಬರ್ಗರ್ ಅವರು ಶೇರ್ ಜೊತೆ ನಡೆಸಿದ ಪ್ರಯೋಗದಲ್ಲಿ, ಆಗಷ್ಟೇ ನಡೆಯಲು ಕಲಿತ ಮಕ್ಕಳಿಗೆ ಸುರಂಗದಂಥ ದಾರಿ ದಾಟುವುದನ್ನು ಕಲಿಸಲಾಯಿತು. ಕಲಿತ ಮೇಲೆ ಒಂದು ನಿದ್ದೆ ತೆಗೆದ ಮಕ್ಕಳು ನಿದ್ದೆಯಿಲ್ಲದವರಿಗಿಂತ ಚೆನ್ನಾಗಿ ದಾಟಿದರು.

ಸರಾಸರಿ ಏರಿಕೆ ಅರ್ಧ ಎಚ್ಚರದಷ್ಟೂ ಇಲ್ಲವಲ್ಲ, ಇದಕ್ಕಿಷ್ಟು ಮಾತೇಕೆ ಎನ್ನಬಹುದು. 28 ಮಕ್ಕಳು ಕಡಿಮೆ ಎನ್ನುವುದೂ ನಿಜ. ಆದರೆ ಅಲ್ಲಿ ಹೋಲಿಸಿದ್ದು ಅದೇ ಮಗುವಿನ ಮೊದಲ ಮತ್ತು ನಂತರದ ರಾತ್ರಿಗಳನ್ನು; ವಯಸ್ಸಿಗಿಂತ ಅಂಬೆಗಾಲಿನ ಆರಂಭವೇ ಅಳತೆಗೋಲು. ಸರಾಸರಿಯೆಂದರೆ ಕೆಲವು ಮನೆಗಳಲ್ಲಿ ಏನೂ ಆಗದಿರುವುದು, ಕೆಲವು ಮನೆಗಳಲ್ಲಿ ರಾತ್ರಿಯೇ ಇಲ್ಲವಾಗುವುದು. ಎಲ್ಲ ಅಳುವಿಗೂ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಜ್ವರ, ಉಸಿರಾಟದ ತೊಂದರೆ, ಕಿವಿನೋವು, ಹಾಲು ಬಿಡುವುದು ಕಂಡರೆ ವೈದ್ಯರ ಬಳಿ ಹೋಗಲೇಬೇಕು. ಹಗಲಲ್ಲಿ ನಗುತ್ತ ಹರಿದಾಡುವ ಕೂಸಿಗೆ ರಾತ್ರಿ ಜಾಯಿಕಾಯಿ ತೇದು ನೆಕ್ಕಿಸುವುದು, ಮಂಪರು ಬರಲೆಂದು ನೆಗಡಿಯ ಸಿರಪ್ ಕುಡಿಸುವುದು ಮಾತ್ರ ತಪ್ಪು. ನೆಗಡಿಗೆ ಬಳಸುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಜೋಡಿ ಔಷಧವನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಕೂಡದೆಂದು ಲೇಬಲ್ಲಿನಲ್ಲಿ ಎಚ್ಚರಿಸುವಂತೆ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ. ಕೂಸಿಗೆ ಬೇಕಾದದ್ದು ಹಗಲಲ್ಲಿ ಹರಿದಾಡಲು ಚೊಕ್ಕಟವಾದ ನೆಲ, ಹಿಡಿದ ಕೈ ಬಿಟ್ಟು ಕೂರುವುದನ್ನು ತೋರಿಸಿಕೊಡುವ ದೊಡ್ಡವರು, ಮತ್ತು ತಾಳ್ಮೆ.

ತಾಳ್ಮೆ ಎನ್ನುವುದು ಸುಲಭ, ನಿದ್ದೆಗೆಟ್ಟು ಬೆಳಗ್ಗೆ ಕೆಲಸಕ್ಕೆ ಓಡುವವಳ ಕಷ್ಟ ಯಾರಿಗೆ ಗೊತ್ತು ಎಂಬ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಅದು ಮೊದಲ ಎರಡು ಹೆರಿಗೆಗಳಿಗೆ ಸಿಗುವ ರಜೆ, ಅದರಲ್ಲೂ ಎಂಟು ವಾರದವರೆಗೆ ಹೆರಿಗೆಗೆ ಮೊದಲೇ ಖರ್ಚಾಗಬಹುದು. ಅಂದರೆ ಕೂಸು ಅಂಬೆಗಾಲಿಡುವ ಹೊತ್ತಿಗೆ ರಜೆ ಮುಗಿದಿರುತ್ತದೆ. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ ಸಿಗುವುದು 15 ದಿನ. ಖಾಸಗಿ ನೌಕರಿಯ ತಂದೆಗೆ ರಜೆ ಕೊಡಲೇಬೇಕೆಂಬ ಕಾನೂನು ದೇಶದಲ್ಲಿಲ್ಲ. ಆ ಕಾನೂನು ಬರಬೇಕು. ಅದು ಬರುವವರೆಗೂ, ನಡುರಾತ್ರಿ ತೊಟ್ಟಿಲಲ್ಲಿ ನಿಂತು ಅಳುವ ಕೂಸನ್ನು ಕೂರಿಸಿ ಮಲಗಿಸಲು ದಿನ ಬಿಟ್ಟು ದಿನವಾದರೂ ಅಪ್ಪಂದಿರು ಏಳಲಿ.